ಕೆಂಪು ಸ್ಕೂಟರಿನ ಸುದ್ದಿ

ಕತೆ ಕೇಳ್ರಪ್ಪ. ನಗು ಬಂದ್ರೆ ನಗಿ, ಬರದಿದ್ರೆ ಪಕ್ಕದವನನ್ನ ನಗಿಸಿ.

ಒಂದೂರಲ್ಲಿ ಹೊಂಬಾಳಮ್ಮ. ಹೈಸ್ಕೂಲಿನ ಬಿಸಿಯೂಟದ ಅಡುಗೆ ಅವಳದು. ಅವಳಿಗೊಬ್ಬ ಮಗ, ಬೋರಲಿಂಗ. ಅದೇ ಸ್ಕೂಲು, ಎಂಟನೇ ಕ್ಲಾಸು. ಹೇಳಿದ್ದನ್ನ ಹೇಳಿದಂಗೇ ಮಾಡೋನು. "ಹಾಲು ಉಕ್ಕಿದ್ರೆ ಕೂಗೋ" ಅಂದ್ರೆ, ಹಾಲೆಲ್ಲ ಉಕ್ಕಿ ಒಲೆ ಆರೋವರೆಗೂ ನೋಡ್ತಾ ನಿಂತು, ಆಮೇಲೆ "ಉಕ್ತವ್ವಾ!" ಅಂತ ಕೂಗೋನು.

"ಅಯ್ಯೋ ಶಿವನೇ," ಅಂತ ಅವ್ವ ಹಣೆ ಚಚ್ಚಿಕೊಳ್ಳೋಳು, "ಇವನ ತಲೆಗೆ ಒಗ್ಗರಣೆ ಹಾಕೋದು ಮರೆತ್ಯಲ್ಲೋ!"

ಆ ಸ್ಕೂಲಲ್ಲಿ ಮಕ್ಕಳೇ ಒಂದು ಪತ್ರಿಕೆ ತೆಗೀತಿದ್ರು. 'ನಮ್ಮ ಗಂಟೆ' ಅಂತ ಹೆಸರು. ಕೈಲಿ ಬರೆದು, ಜೆರಾಕ್ಸ್ ಮಾಡಿಸಿ, ಶನಿವಾರ ಹಂಚೋರು. ಹತ್ತನೇ ಕ್ಲಾಸಿನ ಭಾಗೀರಥಿ ಸಂಪಾದಕಿ. ಎರಡು ಜಡೆ, ಒಂದೇ ನಾಲಿಗೆ. ಆ ನಾಲಿಗೆಗೆ ಮಾತ್ರ ಎರಡು ಅಲಗು.

ಹೊಂಬಾಳಮ್ಮ ಸೌಟು ಹಿಡಿದೇ ಅವಳ ಹತ್ರ ಹೋದಳು.

"ನನ್ನವ್ವಾ ಭಾಗೀರಥಿ, ನಂಗೆ ಓದೋಕೆ ಬರೋದು ಮಗನ ಹೆಸರೊಂದೇ. ಅದನ್ನ ಒಂದ್ಸಲ ಪತ್ರಿಕೇಲಿ ನೋಡಿಬಿಟ್ರೆ ಸಾಕು ಕಣವ್ವ."

"ತಪ್ಪಿಲ್ಲದ ಸುದ್ದಿ ತರಲಿ ಹೊಂಬಾಳಕ್ಕ, ಹೆಸರು ಹಾಕ್ತೀನಿ. ಆದ್ರೆ ನಮ್ಮ ಪತ್ರಿಕೆಗೆ ನೀತಿ ಉಂಟು, ನಿಯಮ ಉಂಟು. ಏ ಬೋರಲಿಂಗ! ಕಣ್ಣಾರೆ ಕಂಡದ್ದನ್ನ ಮಾತ್ರ ಬರೀಬೇಕು. ಗೊತ್ತಾಯ್ತಾ?"

"ಗೊತ್ತಾಯ್ತಕ್ಕ!"

ಬಾವುಟದ ದಿನ ಬಂತು. ಹೆಡ್‌ಮಾಸ್ಟರು ಪುಟ್ಟಮಾದಪ್ಪನೋರು ಭಾಷಣಕ್ಕೆ ನಿಂತರು. ಬೋರಲಿಂಗ ಎರಡು ಕಿವಿಗೂ ಬೆರಳು ತುರುಕಿಕೊಂಡ. ಕಣ್ಣು ಮಾತ್ರ ತೆರೆದಿಟ್ಟ. ಬರೆದು ತಂದ:

'ಹೆಡ್‌ಮಾಸ್ಟರ ಬಾಯಿ ತೆರೆಯಿತು. ಮುಚ್ಚಿತು. ತೆರೆಯಿತು. ಒಂದು ನೊಣ ಹತ್ತಿರ ಹೋಯಿತು. ಮನಸ್ಸು ಬದಲಾಯಿಸಿ ವಾಪಸು ಬಂತು.'

"ಏನು ಮಾತಾಡಿದ್ರೋ?"

"ಮಾತು ಕಣ್ಣಿಗೆ ಕಾಣ್ಲಿಲ್ಲಕ್ಕ!"

"ಪೆದ್ದಾ! ಕಿವಿ ಯಾಕಿದೆ? ಕೇಳ್ಬೇಕು! ಯಾರದೇ ಸುದ್ದಿಯಾಗ್ಲಿ, ಎರಡೂ ಕಡೆಯವರನ್ನ ಕೇಳಿ ಬರೀಬೇಕು!"

"ಕೇಳ್ತೀನಕ್ಕ!"

ಶನಿವಾರ ಅವ್ವ ಬಂದಳು. ಪತ್ರಿಕೆ ತಿರುಗಿಸಿದಳು, ಮಗುಚಿದಳು. ಹೆಸರಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಹೋದಳು.

ಮುಂದಿನ ವಾರ ಡ್ರಿಲ್ ಮೇಷ್ಟ್ರ ಬೂಟನ್ನ ನಾಯಿ ಕಚ್ಚಿಕೊಂಡು ಹೋಯ್ತು. ಸುದ್ದಿ ಅಂದ್ರೆ ಸುದ್ದಿ! ಬೋರಲಿಂಗ ಮೇಷ್ಟ್ರನ್ನ ಕೇಳಿದ. ಅವರು ಬೈದರು. ಬರಕೊಂಡ. ಆಮೇಲೆ ನಾಯಿ ಮುಂದೆ ಕೂತ.

"ಬೂಟು ಯಾಕೆ ಒಯ್ದ್ರಿ? ನಿಮ್ಮ ಕಡೆ ಏನು ಹೇಳ್ತೀರಿ?"

ನಾಯಿ ಗುರ್ ಅಂತು.

"ಇನ್ನೊಂಚೂರು ಬಿಡಿಸಿ ಹೇಳಿ."

ನಾಯಿ ಎದ್ದು ಓಡ್ತು. ಇವನೂ ಓಡಿದ. ಕೆರೆ ಏರಿ ಸುತ್ತಿದ್ರು, ಸಂತೆ ಮಾಳ ಸುತ್ತಿದ್ರು. ಕೊನೆಗೆ ಜೇಬಿನ ಬನ್ನು ಕೊಟ್ಟ. ನಾಯಿ ತಿಂತು, ಬಾಲ ಆಡಿಸ್ತು. ಬಾಯಿ ಬಿಡಲಿಲ್ಲ.

"ಸುದ್ದಿಗೋಸ್ಕರ ಬನ್ನು ಕೊಟ್ಯಾ?" ಭಾಗೀರಥಿಯ ಜಡೆ ಎರಡೂ ಎದ್ದು ನಿಂತವು. "ನಮ್ಮ ಪತ್ರಿಕೇಲಿ ಕೊಡೋದೂ ಇಲ್ಲ, ತಗೊಳ್ಳೋದೂ ಇಲ್ಲ! ಯಾರು ಏನು ಕೊಟ್ರೂ ಮುಟ್ಟಬೇಡ!"

"ಮುಟ್ಟಲ್ಲಕ್ಕ!"

ಸೋಮವಾರ ಲೆಕ್ಕದ ಪರೀಕ್ಷೆ. ಮೇಷ್ಟ್ರು ಪ್ರಶ್ನೆಪತ್ರಿಕೆ ಕೊಡೋಕೆ ಬಂದರು.

"ಬೇಡಿ ಸಾರ್! ನಾನು ತಗೊಳ್ಳೋನಲ್ಲ!"

"ಏನಂದೆ?"

"ನನ್ನನ್ನ ಕೊಂಡ್ಕೊಳೋಕೆ ಆಗಲ್ಲ ಸಾರ್!"

ಬೆಂಚಿನ ಮೇಲೆ ನಿಲ್ಲಿಸಿದರು. ನಿಂತ. ಮಧ್ಯಾಹ್ನ ಸಾಲಲ್ಲಿ ಎಲ್ಲರೂ ತಟ್ಟೆ ಹಿಡಿದ್ರೆ, ಇವನು ತಟ್ಟೆ ಬೋರಲು ಹಾಕಿ ಕೂತ.

"ಉಣ್ಣೋ ಮಗಾ!"

"ಯಾರು ಏನು ಕೊಟ್ರೂ ಮುಟ್ಟಬಾರದಂತೆ ಅವ್ವ. ನೀ ಕೊಡ್ಬೇಡ, ನಾ ಮುಟ್ಟಲ್ಲ."

"ಹೆತ್ತವಳ ಕೈ ಅನ್ನ ಲಂಚವೇನೋ, ಹುಚ್ಚಪ್ಪಾ!"

ಸಾಯಂಕಾಲಕ್ಕೆ ಕಣ್ಣು ಕತ್ತಲೆ ಬಂತು. ಅವ್ವ ಮೂಗು ಹಿಡಿದು ಬಾಯಿಗೆ ಅನ್ನ ತುರುಕಿದಳು. ತುರುಕುತ್ತಾ ಅಂದಳು: "ಒಂದು ಹಿಡ್ಕೊಂಡ್ರೆ ಒಂದು ಬಿಡ್ತೀಯಲ್ಲೋ! ನೋಡೋದು, ಕೇಳೋದು, ಮುಟ್ಟದೇ ಇರೋದು, ಮೂರನ್ನೂ ಒಂದೇ ಸುದ್ದೀಲಿ ಮಾಡೋ ನನ್ನಪ್ಪ! ನಂಗೆ ಹೆಸರು ತೋರಿಸೋ!"

"ತೋರಿಸ್ತೀನವ್ವ!"

ಹೆಡ್‌ಮಾಸ್ಟರು ಹೊಸ ಸ್ಕೂಟರು ತಂದರು. ದೂಳು ಕೂರದಿರಲಿ ಅಂತ ಮೇಲಿಂದ ಕೆಳಗೆ ಕೆಂಪು ಬಟ್ಟೆ ಹೊದಿಸಿದ್ರು. ಬೋರಲಿಂಗ ಕಣ್ಣಾರೆ ನೋಡಿದ. ಹೆಡ್‌ಮಾಸ್ಟರನ್ನ ಕೇಳಿದ: "ಹೊಸಾದಾ ಸಾರ್?" "ಹೂಂ ಕಣಯ್ಯ." ಸ್ಕೂಟರನ್ನೂ ಕೇಳಿದ. ಅದು ಇಲ್ಲ ಅನ್ನಲಿಲ್ಲ. ಪೇಡ ಕೊಟ್ಟರು. ಕೈ ಹಿಂದೆ ಕಟ್ಟಿಕೊಂಡ.

ಶನಿವಾರ ಪತ್ರಿಕೆ ಬಂತು. ದಪ್ಪಕ್ಷರದಲ್ಲಿ, 'ಬಿಳಿ ಪಂಚೆಯ ಹೆಡ್‌ಮಾಸ್ಟರಿಗೆ ಕೆಂಪು ಸ್ಕೂಟರು!' ಕೆಳಗೆ, ಬೋರಲಿಂಗ.

ಹೊಂಬಾಳಮ್ಮ ಬೆರಳಿಟ್ಟು ಓದಿದಳು. "ಬೋ... ರ... ಲಿಂ... ಗ." ಸಾರು ತಳ ಹಿಡೀತು. ಹಿಡೀಲಿ ಅಂದಳು. ಅನ್ನದ ಅಗುಳು ಹಚ್ಚಿ ಒಲೆ ಮೇಲಿನ ಗೋಡೆಗೆ ಅಂಟಿಸಿದಳು.

ಸೋಮವಾರ ಹೆಡ್‌ಮಾಸ್ಟರು ಬಟ್ಟೆ ತೆಗೆದರು. ಸ್ಕೂಟರು ಹಾಲಿನಂಗೆ ಬಿಳಿ! ಇಡೀ ಸ್ಕೂಲು ಹೊಟ್ಟೆ ಹಿಡಿದು ನಕ್ಕಿತು.

ಭಾಗೀರಥಿ ಅಡುಗೆಮನೆಗೇ ನುಗ್ಗಿದಳು. "ಮಾನ ಕಳೆದ್ಯಲ್ಲೋ! ತಪ್ಪಾದ್ರೆ ತಿದ್ದಬೇಕು! ತಪ್ಪು ಇರೋ ಕಡೇಲೇ ತಿದ್ದಬೇಕು! ಅಷ್ಟೇ ದಪ್ಪ ಅಕ್ಷರದಲ್ಲಿ, ನಿನ್ನ ಹೆಸರು ಹಾಕಿ, ಎಲ್ಲರಿಗೂ ಕಾಣೋ ಹಂಗೆ! ತಿದ್ದದಿದ್ರೆ ಇನ್ಯಾವತ್ತೂ ನಿನ್ನ ಹೆಸರು ಬರಲ್ಲ!"

ಅವ್ವನ ಸೌಟು ಗಾಳೀಲೇ ನಿಂತಿತು. "ತಿದ್ದೋ ಮಗಾ! ಈಗ್ಲೇ ತಿದ್ದೋ!"

ಬೋರಲಿಂಗ ಯೋಚನೆ ಮಾಡಿದ. ಪತ್ರಿಕೆ ಕೆಂಪು ಅನ್ನುತ್ತೆ. ಅದು ಮೂರು ನಿಯಮ ದಾಟಿ ಬಂದಿದೆ. ಸ್ಕೂಟರು ಬಿಳಿ ಅನ್ನುತ್ತೆ. ಅದು ಯಾವ ನಿಯಮ ದಾಟಿದೆ? ಹಂಗಾದ್ರೆ ತಪ್ಪು ಎಲ್ಲಿದೆ?

ಗೇಟಿಗೆ ಬಳಿದು ಉಳಿದ ಕೆಂಪು ಬಣ್ಣ ಇತ್ತು. ತಂದ. ಸ್ಕೂಟರಿಗೆ ಬಳಿದ. ಸೀಟಿಗೂ ಬಳಿದ, ಕನ್ನಡಿಗೂ ಬಳಿದ. ಸುಣ್ಣದ ಬಕೆಟ್ಟು ತಂದು ಮುಂದುಗಡೆ ದಪ್ಪಕ್ಷರದಲ್ಲಿ ಬರೆದ: 'ತಪ್ಪು ತಿದ್ದಿದೆ. ಬೋರಲಿಂಗ.'

ಹೊಂಬಾಳಮ್ಮ ಸೌಟೆತ್ತಿಕೊಂಡು ಓಡಿ ಬಂದಳು, ಬೆನ್ನಿಗೆ ಎರಡು ಬಾರಿಸೋಣ ಅಂತ. ಅಕ್ಷರ ಕಂಡವು. ಒಂದೊಂದೂ ಕುಂಬಳಕಾಯಿ ಗಾತ್ರ! ಮಗನ ಹೆಸರನ್ನ ಬೆರಳಿಡದೆ ಓದಿದಳು. ಸೌಟು ಕೆಳಗಿಳೀತು.

ಅಷ್ಟರಲ್ಲಿ ಹೆಡ್‌ಮಾಸ್ಟರು ಉತ್ತರಪತ್ರಿಕೆ ನೋಡ್ತಾ ನೋಡ್ತಾ ಬಂದರು. ತಲೆ ಎತ್ತಲಿಲ್ಲ. ಕೂತರು. ಅಂಟಿತು. ಎದ್ದರು. ಬಿಳಿ ಪಂಚೆ ಹಿಂದೆ ಅಗಲಕ್ಕೆ ದಾಸವಾಳ!

ಬೋರಲಿಂಗ ಅದನ್ನ ಕಣ್ಣಾರೆ ನೋಡಿದ. ಪತ್ರಿಕೇಲಿ 'ಬಿಳಿ ಪಂಚೆ' ಅಂತಿದೆ!

"ಸಾರ್, ನಿಂತ್ಕೊಳಿ! ಇನ್ನೊಂದು ತಪ್ಪಾಗಿದೆ!"

ಸುಣ್ಣದ ಬಕೆಟ್ಟು ಎತ್ತಿಕೊಂಡ. ಹೆಡ್‌ಮಾಸ್ಟರು ಓಡಿದರು. ಹಿಂದೆ ಬೋರಲಿಂಗ. ಅವನ ಹಿಂದೆ ಭಾಗೀರಥಿ. ಭಾಗೀರಥಿ ಹಿಂದೆ ಇಡೀ ಸ್ಕೂಲು. ಎಲ್ಲರ ಹಿಂದೆ ಹೊಂಬಾಳಮ್ಮ, ಸೌಟೆತ್ತಿ ಕೂಗ್ತಾಳೆ:

"ಲೇ ಮಗಾ, ಹೆಸರು ಹಾಕೋದು ಮರೀಬೇಡ ಕಣೋ!"