ಹೂರಣದ ಮಿಕ್ಸರು

“ಅಪ್ಪಾವರೆ, ಸೋಮಲಿಂಗನನ್ನು ಊರಿಗೆ ಕಳಿಸಿಬಿಡಲೇ?” ಎಂದು ಮರುಳಯ್ಯ ಗುರುಗಳನ್ನು ಕೇಳಿದ. ಮಠದ ಪಾಠಶಾಲೆ ಅವನ ಕೈಯಲ್ಲಿತ್ತು. ಸೋಮಲಿಂಗ ತೆಲುಗು ಸೀಮೆಯಿಂದ ಬಂದ ಹೊಸ ಶಿಷ್ಯ. ಕನ್ನಡ ಅವನಿಗೆ ಇನ್ನೂ ಹೊಸದು. “ಎಲ್ಲರ ಸಾಲಿನಲ್ಲೇ ಕೂರಿಸಿದ್ದೇನೆ, ಎಲ್ಲರಿಗೂ ಹೇಳಿದ್ದನ್ನೇ ಹೇಳಿದ್ದೇನೆ. ಒಂದಕ್ಷರ ತಲೆಗೆ ಹತ್ತದು. ಶುದ್ಧ ದಡ್ಡ.”

ಗುರುಗಳು ವಿಭೂತಿಗಟ್ಟಿಯನ್ನು ಕೆಳಗಿಟ್ಟರು. “ಕುಳಿತುಕೋ” ಎಂದು ಕತೆ ತೆಗೆದರು.

ಒಬ್ಬ ಬಾಣಸಿಗನಿದ್ದ. ಹೋಳಿಗೆಗೆ ಅವನ ಕೈ ಹೆಸರಾಗಿತ್ತು. ಕಡಲಾಚೆಯ ಭಕ್ತರು ಗುಡಿ ಕಟ್ಟಿಸಿ, ಮೊದಲ ನೈವೇದ್ಯಕ್ಕೆ ಅವನನ್ನೇ ಕರೆಸಿಕೊಂಡರು. ಹೂರಣ ರುಬ್ಬುವ ತನ್ನ ಮಿಕ್ಸರನ್ನೂ ಅವನು ಜೊತೆಗೆ ಒಯ್ದ. ಅಲ್ಲಿಯ ಗೋಡೆಯ ತೂತುಗಳೇ ಬೇರೆ, ಪ್ಲಗ್ಗು ಹೋಗಲಿಲ್ಲ. ಅಂಗಡಿಯಿಂದ ಅಡಾಪ್ಟರು ತಂದು ಸಿಕ್ಕಿಸಿದ. ಸಲೀಸಾಗಿ ಕೂತಿತು. ಶಿವನೇ ದಾರಿ ತೋರಿದ ಎಂದುಕೊಂಡು ಗುಂಡಿ ಒತ್ತಿದ.

ಮಿಕ್ಸರು ನರಳಿತು. ಮುದಿ ಎತ್ತಿನಂತೆ ಒಂದಿಷ್ಟು ತಿರುಗಿ ನಿಂತಿತು. ಬೇಳೆ ಬೇಳೆಯಾಗಿಯೇ ಉಳಿಯಿತು. ಬಾಣಸಿಗ ನೀರು ಹೊಯ್ದ. ಹೂರಣ ಸಡಿಲಾಗಿ ಲಟ್ಟಿಸಿದ ಹೋಳಿಗೆಗಳೆಲ್ಲ ಹರಿದವು. ಕೊನೆಗೆ ಬರೀ ಬೆಲ್ಲ, ಬಾಳೆಹಣ್ಣು ಇಟ್ಟು ಮಂಗಳಾರತಿ ಎತ್ತಿದರು. ದೇವರು ಬೆಲ್ಲಕ್ಕೂ ಒಲಿಯುವವನು, ಏನೂ ಅನ್ನಲಿಲ್ಲ. ಬಾಣಸಿಗನಿಗೆ ಮಾತ್ರ ತಲೆ ಎತ್ತಲಾಗಲಿಲ್ಲ.

“ಇಷ್ಟು ವರ್ಷ ನನ್ನ ಮನೆಯ ಬೇಳೆ ತಿಂದು, ಪರದೇಶದಲ್ಲಿ ಮಾನ ಕಳೆದೆಯಲ್ಲೋ!” ಎಂದು ಮಿಕ್ಸರನ್ನೇ ಬೈದ. ಊರಿಗೆ ಮರಳಿದವನೇ ಅದನ್ನು ತಿಪ್ಪೆಗೆ ಎಸೆಯಹೊರಟ. ಹೆಂಡತಿ ಕಸಿದುಕೊಂಡು ಅಡುಗೆಮನೆಯ ಗೋಡೆಗೆ ಸಿಕ್ಕಿಸಿದಳು. ಅದು ಗರ್ರನೆ ತಿರುಗಿ, ನೋಡನೋಡುತ್ತಲೇ ಬೇಳೆಯನ್ನು ಬೆಣ್ಣೆ ಮಾಡಿತು.

“ಹಾಗಾದರೆ ಅಲ್ಲಿ ಇದಕ್ಕೇನು ಧಾಡಿಯಾಗಿತ್ತು?” ಎಂದ ಬಾಣಸಿಗ.

“ಇದನ್ನೇನು ಕೇಳ್ತೀರಿ? ಅಲ್ಲಿಯ ಕರೆಂಟು ಎಷ್ಟು ಅಂತ ಯಾರನ್ನಾದರೂ ಕೇಳಿದ್ದಿರಾ?”

ಕೇಳಿರಲಿಲ್ಲ. ಆ ದೇಶದ ವೋಲ್ಟೇಜು ನಮ್ಮದರ ಅರ್ಧ. ಅಡಾಪ್ಟರು ಪ್ಲಗ್ಗನ್ನು ತೂತಿಗೆ ಹೊಂದಿಸೀತು, ಬಲ ತುಂಬಲಾರದು.

ಮರುಳಯ್ಯನಿಗೆ ನಗು ತಡೆಯಲಾಗಲಿಲ್ಲ. “ಪ್ಲಗ್ಗು ಕೂತಿತು, ಇನ್ನು ಕೆಲಸ ಆದಂತೆಯೇ ಅಂದುಕೊಂಡನಲ್ಲ ಅಪ್ಪಾವರೆ, ಎಂಥ ಮಂಕ!”

ಗುರುಗಳೂ ನಕ್ಕರು. “ಸೋಮಲಿಂಗನನ್ನು ಸಾಲಿನಲ್ಲಿ ಕೂರಿಸಿದೆ, ಸರಿ, ಅವನ ಪಕ್ಕದಲ್ಲಿ ನೀನು ಎಷ್ಟು ಹೊತ್ತು ಕೂತೆ, ಮರುಳಯ್ಯ?”

ಮರುಳಯ್ಯನ ನಗು ಅಲ್ಲೇ ನಿಂತಿತು.