ಕೆಂಚವ್ವನ ಕರಿ ಹ್ಯಾಟೆ

ಹತ್ತಿರ ಬಾ, ಮೆಲ್ಲಗೆ ಹೇಳ್ತೀನಿ. ಯಾರ ಮುಂದೂ ಬಾಯಿ ಬಿಡಬೇಡ. ಪಕ್ಕದ ಮನೆ ಕೆಂಚವ್ವ ಕರಿ ಹುಂಜಕ್ಕೆ ಕರಿ ಕೋಳಿನೇ ಕೂಡಿಸಿ, ರೆಕ್ಕೆ, ಜುಟ್ಟು, ಕೊಕ್ಕೆಲ್ಲ ಕಪ್ಪಾದ ಹ್ಯಾಟೆ ಕೋಳಿ ಹುಟ್ಟಿಸಿದ್ಲು. ಮೊಟ್ಟೆ ಮಾತ್ರ ಬಿಳಿ.

ಅವಳ ಬಾಡಿಗೆ ಮನೆ ಮಾಲೀಕ ರುದ್ರಯ್ಯ ಬಂದ. "ತಮ್ಮನಿಗೆ ಮಾಟ ಮಾಡಿಸೋಕೆ ಕರಿ ಮೊಟ್ಟೆ ಬೇಕು. ಇಲ್ಲಾಂದ್ರೆ ಮನೆ ಖಾಲಿ ಮಾಡು!"

"ಇಡ್ತದೆ ದಣಿ," ಅಂದ್ಲು ಕೆಂಚವ್ವ. "ಇದನ್ನ ನಿಮ್ಮ ಮಂಚದ ಕೆಳಗೆ ಮಲಗಿಸ್ಕೊಳ್ಳಿ. ಮನೆಯವರ ಮನಸ್ಸಿನ ಬಣ್ಣವೇ ಮೊಟ್ಟೆಗೆ ಬರ್ತದೆ. ಬೆಳಿಗ್ಗೆ ಬೀದಿಯವರೆಲ್ಲ ನೋಡೋಕೆ ಬರ್ತೀವಿ."

ರುದ್ರಯ್ಯ ಬೆವೆತುಹೋದ. "ಬೇಡ ಬೇಡ, ಮನೇಲೇ ಇರು!" ಅಂತ ಹೊರಟ. ಕೋಳಿ ಅವನ ಹಿಂದೆಯೇ ಹೋಯ್ತು. ಎಷ್ಟು ಅಟ್ಟಿದ್ರೂ ಕದಲದೆ ಅವನ ಹೊಸ್ತಿಲಲ್ಲಿ ಕೂತು, ಅವನನ್ನೇ ನೋಡ್ತಿತ್ತು. ಸಂಜೆ ಅವನು ಟವೆಲಲ್ಲಿ ಏನನ್ನೋ ಮುಚ್ಚಿಕೊಂಡು ಹಿತ್ತಲಲ್ಲಿ ಹೂತ.

"ಮೊಟ್ಟೆ ಯಾವ ಬಣ್ಣ ಇತ್ತೇ?" ಅಂತ ಕೆಂಚವ್ವನ್ನ ಕೇಳಿದೆ.

ಮುಖಕ್ಕೆ ಹೊಡೆದ ಹಾಗೆ ಅಂದ್ಲು: "ಇವತ್ತು ಕೋಳಿನ ನಿಮ್ಮ ಮನೇಲಿ ಬಿಡ್ಲಾ, ದೊಡ್ಡವ್ವ?"