ತಕ್ಕಡಿ ಏರಿದ ರಾಜಹಂಸ

ಮಕ್ಕಳೇ, ಇಂಗ್ಲೆಂಡಿನ ಥೇಮ್ಸ್ ನದಿಯ ಒಂದು ತಿರುವಿನಲ್ಲಿ, ರಾಜನ ಕೋಟೆಗೆ ಸ್ವಲ್ಪ ಕೆಳಗೆ, ದಟ್ಟವಾದ ಜೊಂಡು ಬೆಳೆದಿತ್ತು. ಜೊಂಡಿನ ಈಚೆ ಚೊಕ್ಕಿ ಎಂಬ ನೀರುಹಕ್ಕಿಯ, ನಾಮದಕೋಳಿಯ ಗೂಡು. ಅವಳ ಮೈಯೆಲ್ಲ ಕಪ್ಪು, ಹಣೆಯಲ್ಲಿ ಮಾತ್ರ ಬಿಳಿ ನಾಮ. ಆಚೆ ಧವಳಾಂಬೆ ಎಂಬ ಹಂಸ ತನ್ನ ನಾಲ್ಕು ಬೂದುಬಣ್ಣದ ಮರಿಗಳೊಂದಿಗೆ ಇದ್ದಳು.

ಆ ನದಿಯಲ್ಲಿ ಗುರುತು ಹಾಕದ ಹಂಸಗಳು ರಾಜನಿಗೆ ಸೇರಿದವು. ಇದು ನೂರಾರು ವರ್ಷಗಳ ಕಟ್ಟಳೆ. ಧವಳಾಂಬೆಯ ಕಾಲಿಗೆ ಗುರುತಿನ ಉಂಗುರವಿರಲಿಲ್ಲ. ಅಷ್ಟು ಸಾಕಾಯಿತು. ಯಾರು ಮಾತಾಡಿಸಿದರೂ "ನಾನು ರಾಜನವಳು" ಎಂದೇ ಶುರುಮಾಡುವಳು. ರಾಜನಿಗೆ ವರ್ಷಕ್ಕೆ ಎರಡು ಹುಟ್ಟುಹಬ್ಬ, ಪರದೇಶಕ್ಕೆ ಹೊರಟರೆ ಪಾಸ್‌ಪೋರ್ಟ್ ಬೇಡ, ಹೀಗೆ ಅರಮನೆಯ ಸುದ್ದಿ ಮುಗಿಯುತ್ತಲೇ ಇರಲಿಲ್ಲ. ಚೊಕ್ಕಿ ಹೂಂಗುಡುವಳು. ಆದರೆ ಕೇಳಿದ್ದನ್ನು ಮರೆಯುವವಳಲ್ಲ.

ಜುಲೈ ತಿಂಗಳಲ್ಲಿ ಕಿರಿಯ ಮರಿಯ ಕಾಲಿಗೆ ಯಾರೋ ಬಿಸಾಡಿದ ಗಾಳದ ದಾರ ಸುತ್ತಿಕೊಂಡಿತು. ಮೊದಲ ದಿನ ಕಾಲು ಕೆಂಪಾಯಿತು. ಎರಡನೆಯ ದಿನ ಊದಿಕೊಂಡಿತು. ಮೂರನೆಯ ದಿನ ಮರಿ ಒಂದೇ ಕಾಲಿನಲ್ಲಿ ಈಜುತ್ತಾ ನಿಂತಲ್ಲೇ ಸುತ್ತತೊಡಗಿತು. ಚೊಕ್ಕಿ ಕೊಕ್ಕಿನಿಂದ ಎಳೆದು ನೋಡಿದಳು. ಎಳೆದಷ್ಟೂ ದಾರ ಬಿಗಿಯಾಯಿತು.

ಅಷ್ಟರಲ್ಲಿ ತಿರುವಿನಾಚೆ ಹುಟ್ಟುಗಳ ಸದ್ದು ಕೇಳಿಸಿತು. ಚೊಕ್ಕಿ ಕತ್ತು ಚಾಚಿದಳು. ಬಾವುಟ ಕಟ್ಟಿದ ದೋಣಿಗಳು! ಕೆಂಪಂಗಿಯ ಅಂಬಿಗರು, ಟೋಪಿಗೆ ಬಿಳಿ ಗರಿ ಸಿಕ್ಕಿಸಿಕೊಂಡ ಯಜಮಾನ. ವರ್ಷಕ್ಕೊಮ್ಮೆ ಹಂಸಗಳನ್ನು ಎಣಿಸಲು ರಾಜ ಕಳಿಸುವ ಜನ ಇವರೇ. ಮರಿಗಳನ್ನು ಹಿಡಿದು, ಅಳೆದು, ತೂಗಿ, ಗಾಯವಿದ್ದರೆ ಮದ್ದು ಹಾಕಿ ಬಿಡುತ್ತಾರೆ.

ಅವಳು ನೀರು ಚಿಮ್ಮಿಸುತ್ತಾ ಓಡಿಬಂದು ಸುದ್ದಿ ಹೇಳಿದಳು. ಧವಳಾಂಬೆ ಮರಿಗಳನ್ನು ಜೊಂಡಿನ ಒಳಕ್ಕೆ ತಳ್ಳಿದಳು.

"ಅಂಬಿಗರು ನಮ್ಮನ್ನು ಮುಟ್ಟುವುದೇ? ಬದನೆಕಾಯಿ ತೂಗಿದ ಹಾಗೆ ತೂಗುವುದೇ? ಬೇಕಿದ್ದರೆ ರಾಜನೇ ಬರಲಿ."

"ರಾಜ ಬರುವಷ್ಟರಲ್ಲಿ ಕಾಲು ಹೋಗಿರುತ್ತದೆ, ಅಕ್ಕ."

ಧವಳಾಂಬೆ ಮುಖ ತಿರುಗಿಸಿದಳು. ದೋಣಿಗಳು ಜೊಂಡನ್ನು ದಾಟತೊಡಗಿದವು. ಒಂದು ಹೋಯಿತು, ಎರಡು ಹೋದವು. ಬೇಡಿಕೊಂಡು ಪ್ರಯೋಜನವಿಲ್ಲ ಎಂದು ಚೊಕ್ಕಿಗೆ ಹೊಳೆಯಿತು. ಅವಳು ದನಿ ಬದಲಿಸಿದಳು.

"ಹೋಗಲಿ ಬಿಡು. ನೀನು ರಾಜನವಳಲ್ಲ ಅಂತ ಇವತ್ತು ಗೊತ್ತಾಯಿತು."

"ಏನಂದೆ?"

"ಕ್ರಿಸ್‌ಮಸ್‌ಗೆ ರಾಜನ ಹಳ್ಳಿಮನೆಗೆ ಬರುವ ನೆಂಟರನ್ನೆಲ್ಲ ತಕ್ಕಡಿಯಲ್ಲಿ ಕೂರಿಸುತ್ತಾರಂತೆ. ಬಂದಾಗ ಒಮ್ಮೆ, ಹೊರಟಾಗ ಒಮ್ಮೆ. ಚೆನ್ನಾಗಿ ಉಂಡರೋ ಇಲ್ಲವೋ ನೋಡಬೇಕಲ್ಲ. ರಾಜನ ನೆಂಟರೇ ತೂಗಿಸಿಕೊಳ್ಳುವಾಗ ನಿನಗೆ ಮಾತ್ರ ನಾಚಿಕೆ."

"ಈ ಕತೆ ನಿನಗೆ ಹೇಳಿದವರು ಯಾರು?"

"ನೀನೇ. ಹೋದ ಚಳಿಗಾಲದಲ್ಲಿ, ಮೂರು ಸಲ."

ಧವಳಾಂಬೆ ಕತ್ತು ನೆಟ್ಟಗೆ ಮಾಡಿ, ಮರಿಗಳನ್ನು ಕರೆದುಕೊಂಡು ನಡುನೀರಿಗೆ ಬಂದಳು. ಕೊನೆಯ ದೋಣಿಯವನು ಕಂಡು ಕೂಗಿದ. ಮುಂದೆ ಹೋಗಿದ್ದ ದೋಣಿಗಳೆಲ್ಲ ಗಿರಕ್ಕನೆ ತಿರುಗಿ ಬಂದು ಸುತ್ತುಗಟ್ಟಿದವು.

ಒಂದೊಂದೇ ಮರಿ ತಕ್ಕಡಿ ಏರಿ ಇಳಿಯಿತು. ಕಿರಿಯದು ಎಲ್ಲಕ್ಕಿಂತ ಹಗುರವಾಗಿತ್ತು. ಗರಿಟೋಪಿಯ ಯಜಮಾನ ಅದರ ಕಾಲನ್ನು ಬೆಳಕಿಗೆ ಹಿಡಿದು, ಸಣ್ಣ ಕತ್ತರಿಯಿಂದ ದಾರ ಕತ್ತರಿಸಿ, ಮದ್ದು ಹಚ್ಚಿದ. ಇನ್ನೊಂದು ದಿನ ತಡವಾಗಿದ್ದರೆ ಈ ಕಾಲು ಉಳಿಯುತ್ತಿರಲಿಲ್ಲ ಎಂದು ಪಕ್ಕದವನಿಗೆ ಹೇಳಿದ. ಧವಳಾಂಬೆಗೆ ಅದು ಕೇಳಿಸಿತು.

ನೀರಿಗೆ ಬಿಟ್ಟೊಡನೆ ಮರಿ ಎರಡೂ ಕಾಲು ಆಡಿಸಿ ನೇರವಾಗಿ ಈಜಿತು. ಮುಂದೆ ಸಾಗಿ, ಮೇಲೆ ಕೋಟೆಯ ಎದುರು ಅಂಬಿಗರು ದೋಣಿಗಳಲ್ಲೇ ಎದ್ದು ನಿಂತು, ಹುಟ್ಟುಗಳನ್ನು ಮೇಲೆತ್ತಿ, ಹಂಸಗಳ ಒಡೆಯನಾದ ರಾಜನಿಗೆ ವಂದಿಸಿದರು. ಧವಳಾಂಬೆ ಅತ್ತ ನೋಡಲಿಲ್ಲ. ಮರಿಯ ಕಾಲನ್ನೇ ನೋಡುತ್ತಿದ್ದಳು.

ಮರುದಿನ ದಾರಿಹೋಕ ಬಾತೊಂದು, "ಉಂಗುರವಿಲ್ಲವಲ್ಲ, ನೀವು ಯಾರ ಕಡೆಯವರು?" ಎಂದು ಕೇಳಿತು.

ಧವಳಾಂಬೆ ಸ್ವಲ್ಪ ಯೋಚಿಸಿ ಹೇಳಿದಳು: "ನಾನು ಚೊಕ್ಕಿಯ ಪಕ್ಕದ ಮನೆಯವಳು."

ನೀತಿ: ಕಾಪಾಡಲು ಬಂದ ಕೈಯ ಅಂತಸ್ತು ಕೇಳುತ್ತಾ ನಿಂತರೆ, ನಮ್ಮ ಜಂಬದ ನೋವನ್ನು ನಮ್ಮವರು ಉಣ್ಣಬೇಕಾಗುತ್ತದೆ.